ಕಂಬಳಿ ಹಾಸಿದ ಜಾಗ

ಟ್ರಂಕು ತೆರೆದಾಗಲೆಲ್ಲ ಅಜ್ಜನ ಕಂಬಳಿಯ ಕುರಿವಾಸನೆ ಮೂಗಿಗೆ ಬಡಿಯುತ್ತದೆ, ಮೋರಟಗಿಯ ಆ ಮಧ್ಯಾಹ್ನ ಎದುರಿಗೆ ಬಂದು ನಿಲ್ಲುತ್ತದೆ.

ಎಪ್ಪತ್ತರ ದಶಕದ ಮಾತು. ಸಿಂದಗಿಯ ತಾಲೂಕು ಓಟಕ್ಕೆ ಶಾಲೆಯಿಂದ ನನ್ನ ಹೆಸರು ಕೊಟ್ಟಿದ್ದರು. ದಿನಾ ಊರಿನಿಂದ ದಿಬ್ಬದ ಮೇಲಿನ ಬನ್ನಿಗಿಡದವರೆಗೆ ಓಡಬೇಕು. ಏರು ಶುರುವಾದ ಕೂಡಲೇ ನಾನು ಪಕ್ಕೆ ಹಿಡಿದು ಕೂತುಬಿಡುತ್ತಿದ್ದೆ. ಕುರಿ ಕಾಯುತ್ತಿದ್ದ ಅಜ್ಜ ಇದನ್ನು ನೋಡಿದ. ಮರುದಿನ ನಾನು ಕೂರುವ ಜಾಗಕ್ಕಿಂತ ಹತ್ತು ಹೆಜ್ಜೆ ಮೇಲೆ ಕಂಬಳಿ ಹಾಸಿಕೊಂಡು ಕೂತ.

“ಕುಂದರಬ್ಯಾಡ ಅನ್ನಂಗಿಲ್ಲ ತಂಗಿ. ನೆಲದ ಮ್ಯಾಗ ಯಾಕ? ಕಂಬಳಿ ಮ್ಯಾಗ ಬಂದು ಕುಂದರು.”

ಆ ಹತ್ತು ಹೆಜ್ಜೆ ಅಳುತ್ತಲೇ ಓಡಿದೆ. ಅಜ್ಜ ಹಿಡಿ ಶೇಂಗಾ ಕೊಟ್ಟ. “ಬಡದ್ರ ಕುರಿ ದಿಬ್ಬ ಏರಂಗಿಲ್ಲ. ಮುಂದ ಹುಲ್ಲು ಕಂಡ್ರ ಏರ್ತಾವ” ಎಂದ. ಕಂಬಳಿ ದಿನಾ ಒಂದಿಷ್ಟು ಮೇಲಕ್ಕೆ ಸರಿಯುತ್ತಾ ಹೋಯಿತು.

ಆ ಮಧ್ಯಾಹ್ನ ಅದು ಬನ್ನಿಗಿಡದ ಬುಡದಲ್ಲಿತ್ತು. ಬಾಯಿ ಒಣಗಿತ್ತು, ಪಕ್ಕೆ ಚುಚ್ಚುತ್ತಿತ್ತು. ಆದರೂ ಮುಟ್ಟಿದೆ. ಕೂರಬೇಕೆಂದರೆ ಕಾಲು ನಿಲ್ಲಲೊಲ್ಲವು. ಕಂಬಳಿ ದಾಟಿ ಓಡಿದೆ.

ಹಿಂದಿನಿಂದ ಅಜ್ಜ ಕೂಗಿದ: “ತಿರುಗಿ ನೋಡಬ್ಯಾಡ! ಕಂಬಳಿ ನಾ ಹೊತಗೊಂಡ್ ಬರ್ತೇನಿ!”