ತೂತುಬಿದ್ದ ಗೂಡು

‘ಸ್ಟೆಲ್ಲಾ, ನನ್ನ ಗೂಡೆಲ್ಲವ್ವ?’

ಇನ್ನಾಸಮ್ಮ ಕ್ರಿಸ್‌ಮಸ್ ಮರದ ಮುಂದೆ ನಿಂತು ಕೇಳಿದಾಗ ಸೊಸೆ ತಟ್ಟೆಗೆ ಕಜ್ಜಾಯ ಜೋಡಿಸುತ್ತಿದ್ದಳು. ಕ್ಯಾರಲ್ಸ್‌ನವರ ಡೋಲಿನ ಸದ್ದು ಆಗಲೇ ಬೀದಿಯ ಆ ತುದಿಗೆ ಬಂದಿತ್ತು. ಇನ್ನು ಮೂರು ಮನೆ ದಾಟಿದರೆ ಹೊಸ ಫಾದರ್ ಇವರ ಹೊಸ್ತಿಲಲ್ಲಿ. ಅತ್ತೆಗೆ ಇದೇ ಹೊತ್ತು ಸಿಗಬೇಕಿತ್ತೇ ಎಂದು ಸ್ಟೆಲ್ಲಾ ತುಟಿ ಕಚ್ಚಿದಳು.

ಮರಕ್ಕೆ ಮೂವತ್ತೆಂಟು ವರ್ಷ. ಮಾವ ಬದುಕಿದ್ದಾಗ ಶಿವಾಜಿನಗರದಲ್ಲಿ ಕೊಂಡು, ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಕೈಲಾಂಚದ ಈ ಮನೆಗೆ ತಂದದ್ದು. ಪ್ಲಾಸ್ಟಿಕ್ ಎಲೆ ಮುಕ್ಕಾಲು ಉದುರಿ ತಂತಿ ಕಾಣುತ್ತಿತ್ತು. ಒಂದು ಕಾಲು ಮುರಿದು, ಕಿಟಕಿ ಸರಳಿಗೆ ಕಟ್ಟಿ ನಿಲ್ಲಿಸಬೇಕಿತ್ತು. ಅದನ್ನಾದರೂ ಸಹಿಸಬಹುದು. ಅತ್ತೆ ಅದಕ್ಕೆ ತೂಗುಹಾಕುತ್ತಿದ್ದದ್ದು ನಕ್ಷತ್ರವಲ್ಲ, ಗಂಟೆಯಲ್ಲ, ತೂತುಬಿದ್ದ ರೇಷ್ಮೆಗೂಡು! ಚಿಟ್ಟೆ ಕೊರೆದು ಹೊರಬಂದ, ಕಂದು ಕಲೆಯ ಹಳೇ ಗೂಡು. ಅಂಥದರಿಂದ ನೂಲು ಬರುವುದಿಲ್ಲ, ರಾಮನಗರದ ಮಾರ್ಕೆಟ್ಟಿನಲ್ಲಿ ಯಾರೂ ಮುಟ್ಟಿಯೂ ನೋಡುವುದಿಲ್ಲ. ಹೋದ ವರ್ಷ ಚರ್ಚಿನ ಮಹಿಳಾ ಸಂಘದವರು ಅದನ್ನು ಕಂಡು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರು. ಹನ್ನೆರಡು ತಿಂಗಳಾದರೂ ಆ ನಗು ಸ್ಟೆಲ್ಲಾಳ ಕಿವಿಯಿಂದ ಹೋಗಿರಲಿಲ್ಲ. ಈ ಮನೆಗೆ ಬಂದು ಒಂಬತ್ತು ವರ್ಷವಾಯಿತು. ಇವನ್ನೇಕೆ ಕಟ್ಟುತ್ತೀರಿ ಎಂದು ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ಮುದುಕಿಯ ಜುಗ್ಗತನ ಎಂದುಕೊಂಡಿದ್ದಳು. ಇವತ್ತು ಮಧ್ಯಾಹ್ನ ಅತ್ತೆ ಚರ್ಚ್ ಗುಡಿಸಲು ಹೋಗಿದ್ದೇ ತಡ, ಎಲ್ಲವನ್ನೂ ಕಿತ್ತು ಹಾಕಿದ್ದಳು.

‘ಅವಾ? ಬಚ್ಚಲೊಲೆಗೆ ಹಾಕ್ದೆ ಅತ್ತೆ. ಕೊಳಕಾಗಿದ್ವು. ನೋಡಿ, ಈ ಸಲದ ಬೆಳೇಲಿ ಬೆಳ್ಳಗಿರೋವನ್ನೇ ಆರಿಸಿ ಕಟ್ಟಿದ್ದೀನಿ.’

ಸುಳ್ಳಲ್ಲ, ಚೆಂದವಾಗಿಯೇ ಇತ್ತು. ನಲವತ್ತು ಗೂಡು, ಒಂದರಲ್ಲೂ ಕಲೆಯಿಲ್ಲ. ಇನ್ನಾಸಮ್ಮ ಒಂದನ್ನು ಬಿಡಿಸಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಒಣಗಿದ ಹುಳ ಕಟಕಟ ಎಂದಿತು.

‘ಬೇಯ್ಸಿದ್ದೀಯಾ?’

‘ಮೊನ್ನೆ ಇಡ್ಲಿ ಪಾತ್ರೇಲಿ ಹಬೆಗಿಟ್ಟು ಒಣಗಿಸಿದೆ. ಇಲ್ದಿದ್ರೆ ಹಬ್ಬ ಮುಗಿಯೋದ್ರೊಳಗೆ ಚಿಟ್ಟೆ ಬಂದ್ಬುಟ್ಟು ಎಲ್ಲಾ ತೂತಾಗೋದು.’ ತನ್ನ ಜಾಣತನಕ್ಕೆ ಒಂದು ಭೇಷ್ ಸಿಕ್ಕೀತೆಂದು ಅವಳು ಗಳಿಗೆ ಹೊತ್ತು ಕಾದಳು ಕೂಡ.

‘ತೂತಾಗ್ಲಿ ಅಂತ್ಲೇ ಕಣವ್ವ ನಾನು ಮಡಗ್ತಿದ್ದದ್ದು,’ ಎಂದರು ಇನ್ನಾಸಮ್ಮ. ‘ನಮ್ಮೋರು ಯಾರಾರ ತೀರ್ಕೊಂಡ್ರೆ, ಮುಂದಿನ ಬೆಳೇಲಿ ಒಂದು ಗೂಡು ಮಾರ್ದೆ ಎತ್ತಿಡೋಳು. ಚಿಟ್ಟೆ ಈಚೀಕೆ ಬಂದ್ಮೇಲೆ ಇಲ್ಲಿಗೆ ಕಟ್ಟೋಳು. ಏಸುಸ್ವಾಮಿ ಸಮಾಧಿ ಬರಿದಾಗ್ಲಿಲ್ವಾ, ಹಂಗೆ ಇವರೂ ಎದ್ದೋಯ್ತಾರೆ ಅಂತ.’ ಅವರ ಬೆರಳು ತಂತಿ ಕೊಂಬೆಗಳ ಮೇಲೆ ಹುಡುಕುತ್ತ ಹೋಯಿತು. ‘ಒಂದು ನಮ್ಮವ್ವಂದಿತ್ತು. ಒಂದು ನಿಮ್ಮ ಮಾವಂದು. ಮೂರು ವರ್ಸಕ್ಕೇ ಹೋದ ನನ್ನ ಮಗೀದೊಂದು. ಒಂದು ನಿಮ್ಮಪ್ಪಂದು.’

‘ನಮ್ಮಪ್ಪಂದಾ?’

ಸ್ಟೆಲ್ಲಾಳ ಕೈಯಲ್ಲಿದ್ದ ತಟ್ಟೆ ಓರೆಯಾಯಿತು. ಅವಳಪ್ಪ ಆರು ವರ್ಷದ ಹಿಂದೆ ಕನಕಪುರದ ರಸ್ತೆಬದಿಯಲ್ಲಿ ಕುಡಿದು ಬಿದ್ದು, ಬೆಳಗಾಗುವಷ್ಟರಲ್ಲಿ ಸತ್ತಿದ್ದ. ಗಂಡನಿಗೆ, ಅತ್ತೆಗೆ, ಸಂಘದವರಿಗೆ ಅವಳು ಹೇಳಿದ್ದು ಹಾರ್ಟ್ ಅಟ್ಯಾಕ್ ಎಂದು. ಆಮೇಲೆ ಈ ಮನೆಯಲ್ಲಿ ಅವನ ಹೆಸರನ್ನೇ ಎತ್ತಿರಲಿಲ್ಲ.

‘ನಂಗೆ ಆಗ್ಲೇ ಗೊತ್ತಿತ್ತು ಬುಡವ್ವ,’ ಎಂದರು ಇನ್ನಾಸಮ್ಮ ಮೆಲ್ಲಗೆ. ‘ಕುಡ್ದು ಸತ್ತೋರ್ಗೆ ದೇವ್ರು ಬ್ಯಾರೆ ಬಾಗ್ಲು ಮಡಗವ್ನಾ?’

ಭೂಮಿ ಬಾಯಿಬಿಡಬಾರದೇ ಎನಿಸಿತು ಸ್ಟೆಲ್ಲಾಳಿಗೆ. ಹೆತ್ತ ಮಗಳು ಮುಚ್ಚಿಟ್ಟವನನ್ನು, ಮೂರೋ ನಾಲ್ಕೋ ಸಲ ನೋಡಿದ್ದ ಬೀಗಿತಿ ಮರಕ್ಕೆ ಕಟ್ಟಿ ಕಾಪಾಡಿದ್ದರು. ಮಗಳು ಅದನ್ನೂ ಒಲೆಗೆ ಹಾಕಿದ್ದಳು.

ಅಷ್ಟರಲ್ಲಿ ಡೋಲು ಬಾಗಿಲಿಗೇ ಬಂತು. ಹಾಡು, ಪ್ರಾರ್ಥನೆ ಮುಗಿದ ಮೇಲೆ ಹೊಸ ಫಾದರ್ ಮರದ ಹತ್ತಿರ ಹೋಗಿ ಕಣ್ಣರಳಿಸಿದರು. ‘ರೇಷ್ಮೆ ಊರಿಗೆ ತಕ್ಕ ಮರ! ಯಾರ ಕೈಕೆಲಸ ಇದು?’

‘ನಮ್ ಸೊಸೇದು ಸ್ವಾಮಿ,’ ಎಂದರು ಇನ್ನಾಸಮ್ಮ.

ಆ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಸ್ಟೆಲ್ಲಾ ತಡೆದುಕೊಳ್ಳುತ್ತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಹೋದ ವರ್ಷ ನಕ್ಕಿದ್ದವರೇ ‘ನಮ್ಮನೆಗೂ ಹಿಂಗೇ ಕಟ್ಕೊಡು ಸ್ಟೆಲ್ಲಾ’ ಎಂದರು. ಕಜ್ಜಾಯದ ತಟ್ಟೆಯನ್ನು ಯಾರ ಕೈಗೋ ಕೊಟ್ಟು ಅವಳು ಒಳಗೆ ನಡೆದಳು. ಕಾಫಿಗೆ ಹೋದಳೆಂದು ಎಲ್ಲರೂ ಅಂದುಕೊಂಡರು.

ಅವಳು ಹೋದದ್ದು ಹಿತ್ತಿಲ ಹುಳದ ಮನೆಗೆ. ಬೆಳೆಯೆಲ್ಲ ಸೋಮವಾರವೇ ಮಾರ್ಕೆಟ್ಟಿಗೆ ಹೋಗಿ, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ಖಾಲಿಯಾಗಿ ಗೋಡೆಗೆ ಒರಗಿದ್ದವು. ಒಂದೊಂದನ್ನೇ ಬೆಳಕಿಗೆ ಹಿಡಿದು ಹುಡುಕಿದಳು. ಐದನೆಯದರ ಅಂಚಿನಲ್ಲಿ ಒಂದೇ ಒಂದು ಗೂಡು ಉಳಿದಿತ್ತು. ಯಾವುದೋ ಹಿಂದುಳಿದ ಹುಳ ತಡವಾಗಿ ಕಟ್ಟಿದ್ದು, ಸೊಟ್ಟಗಿತ್ತು, ತೆಳ್ಳಗಿತ್ತು. ಮಾರಲು ಆಗುವಂಥದ್ದಲ್ಲವೆಂದು ಬಿಟ್ಟಿರಬೇಕು. ಅದನ್ನು ಬಿಡಿಸಿ ಅಂಗೈಯಲ್ಲಿ ಮುಚ್ಚಿಕೊಂಡು ಬಂದಳು.

ನಡುಮನೆಯಲ್ಲಿ ಫಾದರ್ ಕಜ್ಜಾಯ ಮುರಿಯುತ್ತಿದ್ದರು. ಸಂಘದ ಹೆಂಗಸರು ಗೋಡೆಯುದ್ದಕ್ಕೂ ಕೂತಿದ್ದರು. ಸ್ಟೆಲ್ಲಾ ಯಾರ ಮುಖವನ್ನೂ ನೋಡದೆ ಮರದ ಹತ್ತಿರ ಹೋಗಿ ನಿಂತಳು.

‘ಅತ್ತೆ, ಇದನ್ನ ಬೇಯಿಸಿಲ್ಲ.’ ದನಿ ಅಲ್ಲಿದ್ದವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿತ್ತು. ‘ಕುಡ್ದು ಬಿದ್ದು ಸತ್ತ ನಮ್ಮಪ್ಪಂದು ಯಾವ ಕೊಂಬೇಲಿತ್ತು?’