ಕೆರೆಯ ಒಪ್ಪಿಗೆ

ಮುಚ್ಚಿಹೋದ ಕೆರೆಗಳು ಒಪ್ಪದೆ ಆ ಊರಲ್ಲಿ ಯಾರೂ ಒಂದಿಟ್ಟಿಗೆಯನ್ನೂ ಏರಿಸುವಂತಿರಲಿಲ್ಲ. ಮಗಳ ಬಾಣಂತನಕ್ಕೆ ತಾರಸಿಯ ಮೇಲೊಂದು ಕೋಣೆ ಕಟ್ಟಬೇಕೆಂದು ಪಂಕಜಾಕ್ಷಿ ತನ್ನ ಮನೆಯಡಿಯ ಕೆರೆಯನ್ನು ಬಿಂದಿಗೆಗೆ ತುಂಬಿಕೊಂಡು ಮತ್ತೆ ಯೋಜನಾ ಕಚೇರಿಗೆ ಬಂದಳು. ಮಗಳಿಗೆ ಆಗಲೇ ಒಂಬತ್ತು ತಿಂಗಳು ತುಂಬಿತ್ತು.

"ಏನಮ್ಮಾ ಕೆರೆ, ಇವರು ಕೋಣೆ ಕಟ್ಟಬಹುದಾ?" ಗುಮಾಸ್ತ ಆಕಳಿಸುತ್ತ ಬಿಂದಿಗೆಯೊಳಗೆ ಬಗ್ಗಿ ಕೇಳಿದ.

"ನಾನು ಮತ್ತೆ ಕೆರೆಯಾಗೋಕೆ ಅರ್ಜಿ ಹಾಕಿದೀನಲ್ಲ, ಅದಕ್ಕೆ ಈಯಮ್ಮ ಮೊದಲು ಹೂಂ ಅನ್ನಲಿ," ಎಂದಿತು ನೀರು.

"ಹೂಂ ಅಂದ್ರೆ ನನ್ನ ಮನೇನೇ ಮುಳುಗತ್ತಲ್ಲೇ!"

"ನೀನು ಕಟ್ಟಿದ್ರೆ ನಾನು ಏಳೋದು ಯಾವಾಗ?"

"ಇಬ್ಬರೂ ಒಪ್ಪಿಕೊಂಡು ಬನ್ನಿ. ನೆಕ್ಸ್ಟ್!" ಎಂದ ಗುಮಾಸ್ತ.

ಪಂಕಜಾಕ್ಷಿ ಹಲ್ಲು ಕಚ್ಚಿ ಬಿಂದಿಗೆಯನ್ನು ಸೊಂಟಕ್ಕೇರಿಸಿದಳು. "ನಡಿ, ಬಾಣಂತಿಗೆ ಎರೆಯೋಕಾದರೂ ಆಗ್ತೀಯ."

ನೀರು ತುಳುಕಿ ಅವಳ ಸೆರಗು ನೆನೆಯಿತು. "ನಿಮ್ಮ ಹಂಡೆ ದೊಡ್ಡದಿದೆಯಾ, ನಾನು ಹಿಡಿಸೋವಷ್ಟು?" ಎಂದಿತು.