ನೀಲಿ ಹೊಗೆ

ವಿಜ್ಞಾನದ ಮೇಷ್ಟ್ರ ಕಾರು ನೀಲಿ ಹೊಗೆ ಉಗುಳುತ್ತಾ ಗ್ಯಾರೇಜಿಗೆ ಬಂತು. ಮೆಕ್ಯಾನಿಕ್ ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿಯನ್ನು ಹೊರಗೆಳೆದ. ತುದಿಯಲ್ಲಷ್ಟೇ ಒಂದಿಷ್ಟು ಕಪ್ಪು ಅಂಟಿತ್ತು.

"ಆಯಿಲ್ ಯಾವಾಗ ಬದಲಾಯಿಸಿದ್ರಿ ಸಾರ್?"

"ಕಾರು ತಗೊಂಡು ಮೂರೇ ವರ್ಷ ಕಣಯ್ಯ. ಹೊಸ ಕಾರಿಗೆ ಅದೆಲ್ಲ ಯಾಕೆ?"

"ಹೊಸ ಇಂಜಿನ್ನೂ ಆಯಿಲ್ ಕುಡಿಯುತ್ತೆ ಸಾರ್. ಟೈಮಿಗೆ ಸರ್ವಿಸ್ ಮಾಡಿಸಿ, ತಿಂಗಳಿಗೊಂದ್ಸಲ ಈ ಕಡ್ಡಿ ಎಳೆದು ನೋಡಿದ್ರೆ ಹೀಗೆ ಆಯಿಲ್ ಸುಟ್ಟು ನೀಲಿ ಹೊಗೆ ಬರ್ತಿರಲಿಲ್ಲ."

"ಕಡ್ಡಿ ಎಳೆದು ನೋಡೋಕೆ ಇದೇನು ನಿಮ್ಮ ತಾತನ ಕಾಲದ ಲಾರಿನಾ? ಎಲ್ಲ ಕಂಪ್ಯೂಟರು! ಆಯಿಲ್ ಕಮ್ಮಿಯಾದ್ರೆ ಅದೇ ಹೇಳುತ್ತೆ. ಒಂದು ದಿನಾನೂ ಹೇಳಿಲ್ಲ."

ಮೆಕ್ಯಾನಿಕ್ ಒಳಗೆ ಕೂತು ಗಾಡಿ ಸ್ಟಾರ್ಟ್ ಮಾಡಿದ. ಡ್ಯಾಶ್‌ಬೋರ್ಡಿನ ಮೇಲಿದ್ದ ಗಣಪತಿಯ ಪಾದದ ಕೆಳಗೆ, ಮೀಟರಿನೊಳಗೆ, ಮೂತಿಯಿಂದ ಒಂದು ಹನಿ ಎಣ್ಣೆ ತೊಟ್ಟಿಕ್ಕುವ ಪುಟ್ಟ ದೀಪದ ಚಿತ್ರ ಹಳದಿಯಾಗಿ ಬೆಳಗುತ್ತಿತ್ತು.

"ಇದು ಯಾವಾಗಿಂದ ಉರೀತಿದೆ ಸಾರ್?"

ಮೇಷ್ಟ್ರು ಚಪ್ಪಲಿ ಬಿಟ್ಟು ಕಿಟಕಿಯ ಹತ್ತಿರ ಬಂದರು.

"ಯುಗಾದಿ ದಿನ ತಾನಾಗೇ ಹತ್ಕೊಂಡಿದ್ದು ಕಣಯ್ಯ, ಇವತ್ತಿಗೂ ಆರಿಲ್ಲ. ನೀನೂ ಒಂದ್ಸಲ ಕೈ ಮುಗಿ."